ತಾಮ್ರದ ತಪ್ಪೇಲಿಯ ಗಂಜಿ

ಪದ್ಮಜಾ ಬೆಳಗಿನ ಬಸ್ಸು ಹತ್ತುವಾಗ ಕೈಯಲ್ಲಿ ಎರಡು ಡಬ್ಬಿಗಳಿರುತ್ತಿದ್ದವು. ಒಂದರಲ್ಲಿ ಮಧ್ಯಾಹ್ನದ ಊಟ, ಇನ್ನೊಂದರಲ್ಲಿ ಹಿಂದಿನ ದಿನ ಅನ್ನ ಬಸಿದ ಗಂಜಿ. ಸವಣೂರಿನಿಂದ ಬಂಕಾಪುರ, ಅಲ್ಲಿ ಇಳಿದು ಇನ್ನೊಂದು ಬಸ್ಸು, ಆಮೇಲೆ ಹಾನಗಲ್ಲು. ಗಂಜಿ ಡಬ್ಬಿಯ ಮುಚ್ಚಳ ಸಡಿಲ. ಅದನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂರಬೇಕಾದ್ದರಿಂದ ನಿದ್ದೆ ಮಾಡುವಂತಿರಲಿಲ್ಲ. ದಿನದಲ್ಲಿ ಆಕೆಗೆ ಯಾರೂ ಏನೂ ಕೇಳದೆ ಕಣ್ಣು ಮುಚ್ಚಲು ಸಿಗುತ್ತಿದ್ದ ಜಾಗ ಆ ಬಸ್ಸೊಂದೇ. ಅದೂ ಗಂಜಿಯ ಪಾಲಾಗಿತ್ತು.

ವಯಸ್ಸು ನಲವತ್ತೊಂಬತ್ತು. ಸಸ್ಯಶಾಸ್ತ್ರ ಕಲಿಸುತ್ತಾಳೆ. ಮದುವೆಗೆ ಮುಂಚೆ ಹಿರೇಕೆರೂರಿನಲ್ಲಿದ್ದಳು. ಗಂಡನ ಮನೆ ಸವಣೂರೆಂದು ಆ ಕೆಲಸ ಬಿಟ್ಟು ಶಿಗ್ಗಾಂವಿಗೆ ಬಂದಳು. ಅಲ್ಲಿಂದ ಹೆರಿಗೆಗೆಂದು ಹೋದವಳು ಮರಳುವಷ್ಟರಲ್ಲಿ ಆಕೆಯ ಕುರ್ಚಿಯಲ್ಲಿ ಬೇರೆಯವರಿದ್ದರು. ಆಮೇಲೆ ಹಾನಗಲ್ಲಿನ ಈ ಖಾಸಗಿ ಕಾಲೇಜು. ಇಲ್ಲಿಯೂ ಮುಂದಿನ ವರ್ಷದಿಂದ ಪಿಎಚ್.ಡಿ. ಇಲ್ಲದವರನ್ನು ಮುಂದುವರಿಸುವುದಿಲ್ಲ ಎಂದು ಹೇಳಿಯಾಗಿತ್ತು. ಹೀಗಾಗಿ ಮಗಳು ಸ್ಪಂದನಾ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಓದುವ ಕಾಲಕ್ಕೆ ತಾಯಿಯೂ ಸಂಶೋಧನಾ ವಿದ್ಯಾರ್ಥಿನಿ.

ಆಕೆಯ ಕೆಲಸವನ್ನು ಹೇಳುವುದು ಸುಲಭ. ಸವಣೂರಿನ ವೀಳ್ಯದೆಲೆಗೆ ಮಳೆಗಾಲದಲ್ಲಿ ಚಿಬ್ಬು ರೋಗ ಬರುತ್ತದೆ. ಎಲೆಯ ಮೇಲೆ ಕಂದು ಚುಕ್ಕೆ, ಸುತ್ತ ಹಳದಿ ಅಂಚು. ಅದನ್ನು ತರುವುದು ಒಂದು ಶಿಲೀಂಧ್ರ. ಆ ಶಿಲೀಂಧ್ರವನ್ನು ಅರಿಯಬೇಕಾದರೆ ಗಾಜಿನ ತಟ್ಟೆಯಲ್ಲಿ ಸಾಕಬೇಕು. ಸಾಕಬೇಕಾದರೆ ಅದಕ್ಕೆ ಉಣ್ಣಲು ಕೊಡಬೇಕು. ಎಲ್ಲ ಪ್ರಯೋಗಾಲಯಗಳಲ್ಲಿ ಆಲೂಗಡ್ಡೆಯ ರಸ, ಸಕ್ಕರೆ, ಗಟ್ಟಿಯಾಗಲು ಅಗರ್ ಸೇರಿಸಿದ ಮಾಧ್ಯಮ ಮಾಡುತ್ತಾರೆ. ಅದರ ಬದಲಿಗೆ ಮನೆಗಳಲ್ಲಿ ಚೆಲ್ಲಿಹೋಗುವ ವಸ್ತುವಿನ ಮೇಲೆ ಅದು ಬೆಳೆದೀತೇ ಎಂಬುದು ಪದ್ಮಜಾಳ ಪ್ರಬಂಧ. ಅವಳು ಆರಿಸಿಕೊಂಡದ್ದು ಗಂಜಿ.

ರೋಗದ ಎಲೆಗಳು ಊರಿನಲ್ಲಿ ಎಲೆಬಳ್ಳಿ ಬೆಳೆಯುವ ನಸೀರಾಳ ತೋಟದಿಂದ ಬರುತ್ತಿದ್ದವು. ನಸೀರಾ ಜಗಲಿಯ ಮೇಲೆ ಕುಳಿತು ಒಳ್ಳೆಯ ಎಲೆಗಳನ್ನು ಕಟ್ಟು ಕಟ್ಟುತ್ತಾ ಚುಕ್ಕೆಯವನ್ನು ಒಂದು ಚೀಲಕ್ಕೆ ಎಸೆಯುತ್ತಿದ್ದಳು.

"ನಾವು ಒಗಿಯೋ ಎಲಿ ನೀವು ಬಸ್ಸಿನ್ಯಾಗ ಕುಂದ್ರಿಸಿ ಕರ್ಕೊಂಡು ಹೋಗ್ತೀರಿ," ಎಂದು ನಕ್ಕಿದ್ದಳು. "ರೋಗ ಬೆಳಸಾಕ ಪಗಾರ ಕೊಡ್ತಾರಂದ್ರ ನಮಗೂ ಹೇಳ್ರಿ ಬಾಯಾರ. ನಮ್ಮ ತ್ವಾಟದಾಗ ಪುಗಸಟ್ಟೆ ಬೆಳಸಾಕತ್ತೇವಿ."

ಗೈಡ್ ಶ್ರೀಪಾದ ಸರ್‌ಗೆ ಗಂಜಿಯ ವಿಚಾರ ಬಹಳ ಹಿಡಿಸಿತ್ತು. ವಿವಿಧ ಮಾಧ್ಯಮಗಳ ಖರ್ಚು ಹೋಲಿಸುವ ಕೋಷ್ಟಕದಲ್ಲಿ ಗಂಜಿಯ ಮುಂದೆ ಅವರೇ ಪೆನ್ನಿನಿಂದ ಸೊನ್ನೆ ಬರೆದರು. ಲ್ಯಾಬಿನಲ್ಲೇ ಒಂದಿಷ್ಟು ಅನ್ನ ಮಾಡಿ ಬಸಿದುಕೊಳ್ಳಲೇ ಎಂದು ಆಕೆ ಕೇಳಿದಾಗ ಅವರು ಒಪ್ಪಲಿಲ್ಲ.

"ಅದಕ್ಕಂತನ ಅನ್ನ ಮಾಡಿದ್ರ ಅದು ಚೆಲ್ಲೋ ವಸ್ತು ಹೆಂಗ ಆಗ್ತದ? ಮನೀ ಅಡಿಗೀದ ಬೇಕು. ನಿಮ್ಮ ಮನ್ಯಾಗ ಹೆಂಗೂ ಬಸೀತೀರಲ್ಲ."

ನಿಜವೆಂದರೆ ಪದ್ಮಜಾಳ ಮನೆಯಲ್ಲಿ ಅನ್ನ ಬಸಿಯುವುದು ನಿಂತು ಬಹಳ ವರ್ಷಗಳಾಗಿದ್ದವು. ಅಡುಗೆ ಮನೆಗೆ ಕುಕ್ಕರ್ ಬಂದಿತ್ತು. ಅತ್ತೆ ಕೃಷ್ಣಾಬಾಯಿ ಎಪ್ಪತ್ತಾರರ ವಿಧವೆ; ಮಡಿಯಲ್ಲಿ ಅಡುಗೆ ಅವರದೇ. ಮಡಿಗೆ ಬೇರೆ ಕುಕ್ಕರ್ ಇಟ್ಟುಕೊಂಡಿದ್ದರು. ಸೊಸೆಯ ಗಂಜಿಗಾಗಿ ಅದನ್ನು ಅಟ್ಟಕ್ಕೇರಿಸಿ ಮತ್ತೆ ಕಲಾಯಿ ಹಾಕಿದ ಹಿತ್ತಾಳೆಯ ಪಾತ್ರೆ ಇಳಿಸಿದರು. ಕುದಿಯುವ ಪಾತ್ರೆಯನ್ನು ಎರಡು ಕೈಯಿಂದ ಹಿಡಿದು, ಮುಚ್ಚಳ ಒತ್ತಿ, ಓರೆ ಮಾಡಿ ನಿಲ್ಲಬೇಕು. ಅವರ ಮಣಿಕಟ್ಟು ಆಗಲೇ ಸೋತಿತ್ತು. ಆದರೂ ಮಾಡಿದರು, ಮಾಡುವಾಗಲೆಲ್ಲ ಗೊಣಗಿದರು. "ಮಂದಿ ದೇವರಿಗೆ ಬಸೀತಾರ, ಮಕ್ಕಳಿಗೆ ಬಸೀತಾರ. ನಾ ಬೂಷ್ಟಿಗೆ ಬಸೀಲಿಕತ್ತೀನಿ." ಶಿಲೀಂಧ್ರ ಎಂಬ ಪದ ಅವರಿಗೆ ಒಗ್ಗಲಿಲ್ಲ.

ಶ್ರೀಪಾದ ಸರ್ ಬರೆದ ಸೊನ್ನೆಯೊಳಗೆ ಆ ಮಣಿಕಟ್ಟು ಇತ್ತು. ಪದ್ಮಜಾ ಅದನ್ನು ಕಂಡಳು. ಸರ್ ಮುಂದೆ ಎತ್ತಿದರೆ ಇನ್ನೊಂದು ವರ್ಷ ಎಳೆಯುತ್ತದೆಂದು ಬಿಟ್ಟಳು.

ಇನ್ನೂ ಒಂದು ಮಾತನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಆ ಮನೆಯಲ್ಲಿ ತಿಂಗಳ ಮುಟ್ಟಾದವರು ಕಡಿಗೆ ಕೂಡಬೇಕು. ನಾಲ್ಕು ದಿನ ಹೊರಗಿನ ಖೋಲಿಯಲ್ಲಿ ಚಾಪೆ; ಅಡುಗೆ ಮನೆ, ದೇವರ ಮನೆ ಇಲ್ಲ; ಯಾರನ್ನೂ, ಯಾವುದನ್ನೂ ಮುಟ್ಟುವಂತಿಲ್ಲ; ಐದನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಹೊಸ ಸೊಸೆಯಾಗಿದ್ದಾಗ ಆ ಖೋಲಿಯಲ್ಲಿ ಗೋಡೆಗೆ ಮುಖ ಮಾಡಿ ಅತ್ತದ್ದುಂಟು. ಸಂಶೋಧನೆ ಶುರುವಾದ ಮೇಲೆ ಅದೇ ಖೋಲಿ ಬೇರೆಯಾಗಿ ಕಂಡಿತು. ಆ ನಾಲ್ಕು ದಿನ ಹಾಸಿಗೆಯಿಂದ ಎದ್ದ ಕೂಡಲೇ ಒಲೆ ಇಲ್ಲ. ಮುಂಚಿನ ಬಸ್ಸು ಹಿಡಿಯಬಹುದು, ಸಂಜೆಯ ಬಸ್ಸು ತಪ್ಪಿದರೂ ನಡೆಯುತ್ತದೆ. ತಟ್ಟೆಗಳಿಗೆ ಶಿಲೀಂಧ್ರ ನಾಟುವುದು, ಅಳೆಯುವುದು, ಎಲ್ಲವನ್ನೂ ಆ ದಿನಗಳಿಗೇ ಇಟ್ಟುಕೊಳ್ಳತೊಡಗಿದಳು. ಕಾಲೇಜು ಅವಳಿಗೆ ಸಂಶೋಧನೆಗೆಂದು ರಜೆ ಕೊಟ್ಟಿರಲಿಲ್ಲ. ಕೊಟ್ಟದ್ದು ಮೈಲಿಗೆ.

ಹೋದ ವರ್ಷ ಮುಟ್ಟು ನಿಂತುಹೋಯಿತು. ಮೊದಲು ಎರಡು ತಿಂಗಳು ತಪ್ಪಿತು, ಒಮ್ಮೆ ಬಂತು, ಮತ್ತೆ ಬರಲಿಲ್ಲ. ಪದ್ಮಜಾ ಮಾತ್ರ ಪ್ರತಿ ತಿಂಗಳೂ ಕಡಿಗೆ ಕೂಡುತ್ತಲೇ ಇದ್ದಳು. ಹಬ್ಬಕ್ಕೆ, ಮಾವನವರ ಶ್ರಾದ್ಧಕ್ಕೆ ಅಡ್ಡ ಬರದಂತೆ ದಿನ ನೋಡಿ ಕೂಡುತ್ತಿದ್ದಳು. ಇಷ್ಟು ಶಿಸ್ತಾಗಿ ಅದು ಹಿಂದೆಂದೂ ಬಂದಿರಲಿಲ್ಲ.

ಸ್ಪಂದನಾ ಫೋನಿನಲ್ಲಿ ಕೇಳಿದ್ದಳು: "ಅಮ್ಮಾ, ಈ ಕಾಲದಾಗೂ ನೀ ಚಾಪಿ ಮ್ಯಾಲೆ ಕೂಡ್ತೀಯೇನು? ನಾ ಬಂದಾಗ ನನಗ ಹೇಳಬ್ಯಾಡ, ನಾ ಕೂಡೂದಿಲ್ಲ."

"ನೀ ಕೂಡಬ್ಯಾಡ," ಎಂದಿದ್ದಳು ಪದ್ಮಜಾ. "ನನಗ ರೂಢಿ ಆಗೇದ."

ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಗಂಜಿಯ ತಟ್ಟೆಗಳು ಚೆನ್ನಾಗಿ ತುಂಬಿದವು. ನಡುವೆ ಇಟ್ಟ ಶಿಲೀಂಧ್ರದ ಸಣ್ಣ ತುಣುಕಿನಿಂದ ಬಿಳಿ ಹತ್ತಿಯಂಥ ಎಳೆಗಳು ಹೊರಟು, ಆರೇಳು ದಿನಗಳಲ್ಲಿ ಅಂಚು ಮುಟ್ಟುತ್ತಿದ್ದವು. ಆಲೂಗಡ್ಡೆಯ ತಟ್ಟೆಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ. ಇನ್ನೊಂದು ಸಲ ಹೀಗೇ ಬಂದರೆ ಸಾಕು, ಬರೆಯಬಹುದು ಎಂದು ಸರ್ ಹೇಳಿದರು.

ಆ ಇನ್ನೊಂದು ಸಲ ಬರಲಿಲ್ಲ. ಆಷಾಢದ ನಂತರ ಗಂಜಿಯ ತಟ್ಟೆಗಳಲ್ಲಿ ಶಿಲೀಂಧ್ರ ನಾಟಿದ ತುಣುಕಿನ ಸುತ್ತ ತೆಳ್ಳಗೆ ಹಬ್ಬಿ ಅಲ್ಲೇ ನಿಂತುಬಿಡುತ್ತಿತ್ತು. ಪಕ್ಕದಲ್ಲೇ ಇಟ್ಟ ಆಲೂಗಡ್ಡೆಯ ತಟ್ಟೆಗಳು ಎಂದಿನಂತೆ ತುಂಬುತ್ತಿದ್ದವು. ಅಗರ್ ಬದಲಿಸಿದಳು. ಅಕ್ಕಿ ಬದಲಿಸಿದಳು. ನಸೀರಾಳ ತೋಟದಿಂದ ಹೊಸ ಎಲೆ ತಂದು ಹೊಸ ಶಿಲೀಂಧ್ರ ಬೇರ್ಪಡಿಸಿದಳು. ಮಾಧ್ಯಮವನ್ನು ಲ್ಯಾಬಿನ ಪ್ರೆಶರ್ ಕುಕ್ಕರಿನಲ್ಲಿ ಇನ್ನೂ ಹೆಚ್ಚು ಹೊತ್ತು ಬೇಯಿಸಿದಳು. ಶ್ರಾವಣ ಹೋಯಿತು, ಭಾದ್ರಪದ ಹೋಗುತ್ತ ಬಂತು.

"ಬಿಡ್ರಿ ಮೇಡಂ," ಎಂದರು ಶ್ರೀಪಾದ ಸರ್ ಫೋನಿನಲ್ಲಿ. "ಗಂಜಿ ಯೋಗ್ಯವಲ್ಲ ಅಂತ ಬರದುಬಿಡ್ರಿ. ಅದೂ ಒಂದು ಫಲಿತಾಂಶನ. ದೀಪಾವಳಿ ಆದ ಮ್ಯಾಲೆ ನಾ ರಿಟೈರು. ದಸರಾ ಮುಗದ ಕೂಡಲೇ ಪ್ರಬಂಧ ನನ್ನ ಟೇಬಲ್ಲಿಗೆ ಬರ್ಲಿ. ಇಲ್ಲಂದ್ರ ಹೊಸ ಗೈಡ್, ಹೊಸ ಅರ್ಜಿ."

ಹಾಗೆ ಬರೆದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಡಿಗ್ರಿ ಬರುತ್ತಿತ್ತು, ಕೆಲಸ ಉಳಿಯುತ್ತಿತ್ತು, ಬಸ್ಸಿನಲ್ಲಿ ನಿದ್ದೆ ಮಾಡಬಹುದಿತ್ತು. ಪದ್ಮಜಾ ಒಂದು ವಾರ ಅದನ್ನೇ ಬರೆಯಲು ಕುಳಿತಳು. ಬರೆದ ಪ್ರತಿ ಸಾಲಿಗೂ ಬೇಸಿಗೆಯಲ್ಲಿ ತುಂಬಿ ನಿಂತ ಬಿಳಿ ತಟ್ಟೆಗಳು ಅಡ್ಡ ಬಂದವು. ಅದು ಬೆಳೆದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಬೆಳೆಯುವುದಿಲ್ಲ ಎಂದು ಬರೆಯಲು ಕೈ ಏಳಲಿಲ್ಲ.

ಕಾರಣ ಸಿಕ್ಕಿದ್ದು ಹಿತ್ತಲಿನಲ್ಲಿ. ಪಿತೃಪಕ್ಷದ ಒಂದು ಭಾನುವಾರ ಬಟ್ಟೆ ಒಣಹಾಕಲು ಹೋದಾಗ ಕೃಷ್ಣಾಬಾಯಿ ಕಲ್ಲಿನ ಮೇಲೆ ಕುಳಿತು ತಾಮ್ರದ ತಪ್ಪೇಲಿಗೆ ಹುಣಸೆಹಣ್ಣು ಹಚ್ಚುತ್ತಿದ್ದರು. ಮಡಿ ಪಾತ್ರೆಗಳನ್ನು ಕೆಲಸದವಳಿಗೆ ಕೊಡುವುದಿಲ್ಲ, ತಾವೇ ತಿಕ್ಕುತ್ತಾರೆ. ಹೊಸದೇನಿಲ್ಲ ಎಂದು ದಾಟಿ ಹೋಗುವಾಗ ಪದ್ಮಜಾಳ ಕಣ್ಣಿಗೆ ತಪ್ಪೇಲಿಯ ಒಳಗೋಡೆ ಬಿತ್ತು. ಅರ್ಧಕ್ಕೆ ಸುತ್ತಲೂ ಒಂದು ಹಸಿರು ಗೆರೆ. ಅದರ ಮೇಲೆ ಒಣಗಿದ ಬಿಳಿ ಹೊಪ್ಪಳೆ.

"ಅತ್ಯಾ, ಇದರಾಗ ಏನು ಇಟ್ಟಿದ್ರಿ?"

"ನಿನ್ನ ಗಂಜಿ. ಮತ್ತೇನು?"

"ಗಂಜಿ ಸ್ಟೀಲಿನ ಡಬ್ಬ್ಯಾಗ ಫ್ರಿಜ್ಜಿನೊಳಗ ಇಡ್ತಿದ್ರೆಲ್ಲ?"

"ಏಕಾದಶಿ ಆಗಿ ಚಾತುರ್ಮಾಸ ಹಿಡದಾಗಿಂದ ಇದರಾಗ," ಎಂದರು ಕೃಷ್ಣಾಬಾಯಿ, ತಿಕ್ಕುವುದು ನಿಲ್ಲಿಸದೆ. "ನಿನ್ನ ಡಬ್ಬಿ ಅಲ್ಲಿ ಕೊಳತ ಎಲಿ ನಡುವ ಕೂತು ಬರ್ತದ. ವ್ರತದಾಗ ಅದನ್ನ ಒಲಿ ಹತ್ರ ಹೆಂಗ ತರ್ಲಿ? ಮತ್ತ ಮಳಿಗಾಲ, ಕರೆಂಟು ಯಾವಾಗ ಹೋಗ್ತದೋ. ಎರಡು ಸಲ ಫ್ರಿಜ್ಜಿನ್ಯಾಗ ಹಳಸಿ ನಾತ ಹೊಡೀತು. ನೀ ಹಂಗ ಮಾರಿ ಸಣ್ಣದು ಮಾಡ್ಕೊಂಡು ಒಯ್ದಿ. ತಾಮ್ರದಾಗ ಇಟ್ರ ಏನೂ ಕೆಡೂದಿಲ್ಲ. ಮುಂಜಾನೆ ಸ್ನಾನಕ್ಕಿಂತ ಮೊದಲ ಎದ್ದು ನಿನ್ನ ಡಬ್ಬಿಗೆ ಸುರವಿ ಇಡ್ತೀನಿ."

"ನಂಗ ಹೇಳಲಿಲ್ಲ."

"ಅದರಾಗ ಹೇಳೂದೇನದ."

ಪದ್ಮಜಾ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಿಂಡಿದಳು. ಅದು ಆಗಲೇ ಹಿಂಡಿದ್ದಾಗಿತ್ತು. ಮೈಲುತುತ್ತ, ಸುಣ್ಣ ಬೆರೆಸಿ ತೋಟಕ್ಕೆ ಯಾಕೆ ಹೊಡೆಯುತ್ತಾರೆ ಎಂದು ಎಷ್ಟು ವರ್ಷಗಳಿಂದ ಹುಡುಗರಿಗೆ ಪಾಠ ಹೇಳಿದ್ದಾಳೆ. ಮೈಲುತುತ್ತದಲ್ಲಿರುವ ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ. ಬಸಿದ ಗಂಜಿ ಬೆಳಗಾಗುವಷ್ಟರಲ್ಲಿ ತುಸು ಹುಳಿಯಾಗಿ ಪಾತ್ರೆಯ ತಾಮ್ರವನ್ನು ಎಳೆದುಕೊಂಡಿದೆ. ತೊಡೆಯ ಮೇಲೆ ನೆಟ್ಟಗೆ ಹಿಡಿದು, ನಿದ್ದೆಗೆಟ್ಟು, ಆಕೆ ಹಾನಗಲ್ಲಿಗೆ ಒಯ್ದದ್ದು ರೋಗದ ಔಷಧಿ. ಕೆಡಬಾರದೆಂದು ಅತ್ತೆ ಇಟ್ಟರು. ಬೆಳೆಯಬೇಕೆಂದು ಆಕೆ ಒಯ್ದಳು.

"ಯಾಕ, ಏನಾತು?" ಎಂದರು ಕೃಷ್ಣಾಬಾಯಿ.

ಅವರ ಬೆರಳುಗಳು ಹುಣಸೆಯ ಹುಳಿಗೆ ಸುಕ್ಕಾಗಿದ್ದವು. ಇಪ್ಪತ್ತೈದು ವರ್ಷಗಳಲ್ಲಿ ಸೊಸೆಯ ಓದಿನ ಬಗ್ಗೆ ಒಂದು ಒಳ್ಳೆಯ ಮಾತು ಆಡದ ಹೆಂಗಸು, ಯಾರೂ ಹೇಳದೆ ಕೇಳದೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಈ ಕೆಲಸವನ್ನು ಮೈಮೇಲೆ ಹಾಕಿಕೊಂಡಿದ್ದರು.

"ಏನಿಲ್ಲ," ಎಂದಳು ಪದ್ಮಜಾ. "ಇನ್ನ ಗಂಜಿ ಬ್ಯಾಡ್ರಿ ಅತ್ಯಾ. ಕುಕ್ಕರ್ ಇಳಸ್ರಿ."

"ಮುಗೀತೇನು ನಿಂದು?"

"ಮುಗದಂಗನ."

ಕೃಷ್ಣಾಬಾಯಿ ತಪ್ಪೇಲಿಯನ್ನು ಬೋರಲು ಹಾಕಿ, ಸೊಸೆಯ ಮುಖವನ್ನು ಒಂದು ಕ್ಷಣ ನೋಡಿ ಒಳಗೆ ಹೋದರು.

ಮರುದಿನ ಲ್ಯಾಬಿನಲ್ಲಿ ಪದ್ಮಜಾ ರಾಜಶ್ರೀಗೆ ಎಲ್ಲವನ್ನೂ ಹೇಳಿದಳು. ರಾಜಶ್ರೀ ಲ್ಯಾಬಿನ ಅಟೆಂಡರ್, ಇಬ್ಬರು ಮಕ್ಕಳ ತಾಯಿ. ಗಂಡ ತೀರಿದ ಮೇಲೆ ಆಡೂರಿನಲ್ಲಿ ತವರಿನವರ ಜೊತೆ ಇರುತ್ತಾಳೆ. ಪೂರ್ತಿ ಕೇಳಿ, ತೊಳೆಯುತ್ತಿದ್ದ ತಟ್ಟೆಯನ್ನು ಬದಿಗಿಟ್ಟು ನಗತೊಡಗಿದಳು.

"ಅಲ್ರೀ ಮೇಡಂ, ನಿಮ್ಮ ಅತ್ತಿ ಬೂಷ್ಟಿಗೂ ಮಡಿ ಮಾಡ್ಸಿಬಿಟ್ರಲ್ರಿ."

ಪದ್ಮಜಾಗೂ ನಗು ಬಂತು. ಆಮೇಲೆ ಕೇಳಿದಳು: "ನಿಮ್ಮ ಮನ್ಯಾಗ ಅನ್ನ ಬಸೀತಾರೇನು?"

"ಕುಕ್ಕರ ಐತ್ರಿ. ಅದು ಬಂದ ಮ್ಯಾಲೆ ನಮ್ಮವ್ವ ಕೈ ಸುಟಗೊಳ್ಳೂದು ನಿಂತಿತ್ತು." ರಾಜಶ್ರೀ ಕೈ ಒರೆಸಿಕೊಂಡಳು. "ನಿಮ್ಮ ಸಲುವಾಗಿ ಮತ್ತ ಸುಡಸೋಣಂತ ಬಿಡ್ರಿ. ಎಷ್ಟು ದಿನಾ ಬೇಕ್ರಿ?"

"ಒಂದ ಸಲ ಸಾಕು. ಆದ್ರ ಅದು ತಟ್ಟಿ ತುಂಬೋ ತನಕ ನಾ ದಿನಾ ಬರಬೇಕು. ನವರಾತ್ರಿ ಒಳಗ ಬರ್ತದ."

"ಸೂಟ್ಯಾಗ? ಕೀಲಿ ನನ್ನ ಹತ್ರ ಐತಿ, ತಗೀತೇನ್ರಿ. ನಿಮ್ಮ ಮನ್ಯಾಗ ಬಿಡ್ತಾರೇನು?"

ಕೇಳಬೇಕಾದ ಮಾತೇ ಅದಾಗಿತ್ತು. ನವರಾತ್ರಿಯ ಮೊದಲ ದಿನ ದೀಪ ಹಾಕಿದರೆ ದಶಮಿಯವರೆಗೆ ಅದು ಆರಬಾರದು. ದಿನವೂ ಮಡಿಯ ಅಡುಗೆ, ದಿನವೂ ನೈವೇದ್ಯ, ಬರುವ ಹೋಗುವ ಮುತ್ತೈದೆಯರು. ಅದರ ಮೇಲೆ ಆ ತಿಂಗಳು ಕ್ಷೀರವ್ರತ. ಹಾಲು ಬಳಸುವಂತಿಲ್ಲ, ಪಾಯಸಕ್ಕೆ ತೆಂಗಿನಕಾಯಿ ಹೆರೆದು, ರುಬ್ಬಿ, ಹಿಂಡಿ ಹಾಲು ತೆಗೆಯಬೇಕು. ಇಷ್ಟರಲ್ಲಿ ಸೊಸೆ ದಿನವೂ ಬಸ್ಸು ಹತ್ತುವುದೆಂದರೆ ಒಂದೇ ದಾರಿ. ಆ ದಾರಿಯನ್ನು ಆಕೆ ಆ ತಿಂಗಳು ಆಗಲೇ ಬಳಸಿಯಾಗಿತ್ತು. ಅನಂತನ ಹುಣ್ಣಿಮೆಗೆ ಮುಂಚೆ ಕಡಿಗೆ ಕೂತು ಎದ್ದಿದ್ದಳು.

ಪಾಡ್ಯದ ಬೆಳಿಗ್ಗೆ ಪದ್ಮಜಾ ಹೊರಗಿನ ಖೋಲಿಯ ಹೊಸ್ತಿಲಲ್ಲಿ ನಿಂತು ಹೇಳಿದಳು: "ಅತ್ಯಾ, ನಾ ಕಡಿಗಾಗೀನಿ."

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಗಂಡ ಸುಶೀಂದ್ರ ತಲೆ ಎತ್ತಿದ. ಸವಣೂರಿನ ಕೋರ್ಟಿನಲ್ಲಿ ವಕೀಲ. ದಿನಾಂಕಗಳು ಅವನಿಗೆ ನೆನಪಿರುತ್ತವೆ.

"ಈಗ? ಮೊನ್ನೆ ಹುಣ್ಣಿವಿ ಮುಂದ ಆಗಿದ್ದೆಲ್ಲ?"

"ಆದ್ರ ನಾ ಏನ ಮಾಡ್ಲಿ?"

"ದೀಪ ಹಾಕೋ ದಿವಸನ?"

"ಅದನ್ನ ಪಂಚಾಂಗ ನೋಡಿ ಬಾ ಅಂತ ಹೇಳ್ಲಿಕ್ಕೆ ಬರ್ತದೇನು?" ಎಂದರು ಕೃಷ್ಣಾಬಾಯಿ ಒಳಗಿನಿಂದ. ಮಡಿಯುಟ್ಟು ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತು ಸೊಸೆಯನ್ನು ನೋಡಿದರು. "ಚಾಪಿ ಹಾಕ್ಕೋ."

ಚಾಪೆ ಹಾಕಿಕೊಂಡು, ಚೀಲ ತೆಗೆದುಕೊಂಡು ಆಕೆ ಬಸ್ಸಿಗೆ ಹೊರಟಾಗ ಸುಶೀಂದ್ರ ಮತ್ತೆ ಬಾಯಿ ತೆರೆದ. ಕಾಲೇಜಿಗೆ ದಸರಾ ರಜೆ ಅಲ್ಲವೇ ಎಂದು ಕೇಳುವವನಿದ್ದ.

"ಹೋಗ್ಲಿ ಬಿಡು," ಎಂದರು ತಾಯಿ. "ಮನ್ಯಾಗ ಕೂತು ಯಾರಿಗೆ ಏನು ಮಾಡ್ಯಾಳು, ಮುಟ್ಟೂ ಹಂಗಿಲ್ಲ."

ರಾಜಶ್ರೀ ಲ್ಯಾಬಿನ ಬಾಗಿಲು ತೆಗೆದು ಕಾದಿದ್ದಳು. ಒಂದು ಡಬ್ಬಿಯಲ್ಲಿ ಗಂಜಿ ತಂದಿದ್ದಳು, ಇನ್ನೊಂದರಲ್ಲಿ ಅನ್ನ, ಮೇಲೆ ಬದನೆಕಾಯಿ ಪಲ್ಯ.

"ನಮ್ಮವ್ವ ಹೇಳಿ ಕಳಸ್ಯಾಳ್ರಿ: ನಿಮ್ಮ ಅಕ್ಕೋರು ಗಂಜಿ ಒಯ್ಯೂದ ಒಯ್ತಾರ, ಅದರ ಅನ್ನ ಏನ ಪಾಪ ಮಾಡೇತಿ, ಅದನ್ನೂ ಉಣ್ಣಲಿ ಅಂತ."

ರಾಜಶ್ರೀಯ ತಾಯಿ ಶಾರವ್ವನನ್ನು ಪದ್ಮಜಾ ನೋಡಿರಲಿಲ್ಲ. ಲ್ಯಾಬಿನ ಮೇಜಿನ ಬದಿಗೆ ಕುಳಿತು ಆ ಅನ್ನ ಉಂಡಳು. ಮನೆಯಲ್ಲಿ ಹೇಳಬಾರದ ಸಂಗತಿಗಳ ಸಾಲಿಗೆ ಇದೂ ಸೇರಿತು. ಆ ಸಾಲು ಈಗ ಉದ್ದವಾಗಿತ್ತು. ಊಟವಾದ ಮೇಲೆ ಅರ್ಧ ಗಂಜಿಯಿಂದ ಮಾಧ್ಯಮ ಮಾಡಿ, ಬೇಯಿಸಿ, ಸ್ಪಿರಿಟ್ ದೀಪದ ಪಕ್ಕದಲ್ಲಿ ತಟ್ಟೆಗಳಿಗೆ ಸುರಿದಳು. ಇನ್ನರ್ಧವನ್ನು ರಜೆಗೆ ಮುಂಚೆಯೇ ಭೌತಶಾಸ್ತ್ರ ವಿಭಾಗದಿಂದ ಕೇಳಿ ತಂದಿದ್ದ ಕ್ಯಾಲೊರಿಮೀಟರಿನ ತಾಮ್ರದ ಲೋಟದಲ್ಲಿಟ್ಟು, ಮರುದಿನ ಅದರಿಂದಲೂ ತಟ್ಟೆ ಮಾಡಿ, ಎಲ್ಲಕ್ಕೂ ಒಟ್ಟಿಗೆ ಶಿಲೀಂಧ್ರ ನಾಟಿದಳು.

ಅಂದಿನಿಂದ ದಿನವೂ ಹೋದಳು, ಸ್ಕೇಲ್ ಹಿಡಿದು ಅಳೆದಳು, ಬಂದಳು. ಸಂಜೆ ಖೋಲಿಯ ಚಾಪೆಯ ಮೇಲೆ ಕುಳಿತರೆ ಅಡುಗೆ ಮನೆಯ ಸದ್ದೆಲ್ಲ ಕೇಳಿಸುತ್ತಿತ್ತು. ಕೃಷ್ಣಾಬಾಯಿ ಕೊಡ ಎತ್ತುವಾಗ ಉಸಿರು ಬಿಗಿಹಿಡಿಯುವುದು, ಹೆರಮಣೆಯ ಮೇಲೆ ಕಾಯಿ ಗರಗರ ಎನ್ನುವುದು, ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಗರಗರ. ನಿಂತಷ್ಟು ಹೊತ್ತು ಪದ್ಮಜಾ ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಂಡು ಕೂತಿರುತ್ತಿದ್ದಳು. ತನ್ನ ರಜೆಯನ್ನು ಯಾರ ಕೈಯಿಂದ ಕಿತ್ತುಕೊಂಡಿದ್ದೇನೆ ಎಂದು ಆಕೆಗೆ ಗೊತ್ತಿತ್ತು. ಸುಶೀಂದ್ರನ ಕೈಯಿಂದಂತೂ ಅಲ್ಲ. ಅವನು ಪಡಸಾಲೆಯಲ್ಲಿ ಕುಳಿತು, ಆರತಿಗೆ ಎಷ್ಟು ಹೊತ್ತಾದೀತು ಎಂದು ಆಗಾಗ ಕೇಳುತ್ತಿದ್ದ.

ನಾಲ್ಕು ದಿನ ಕಳೆದವು. ತಟ್ಟೆಗಳಲ್ಲಿ ಎಳೆಗಳು ಅರ್ಧ ದಾರಿಯನ್ನೂ ದಾಟಿರಲಿಲ್ಲ. ರಾಜಶ್ರೀ ತಾನೇ ಅಳೆದು ಫೋನಿನಲ್ಲಿ ಹೇಳುತ್ತೇನೆ ಎಂದಳು. ಆದರೆ ಅಂಚು ಎಲ್ಲಿ ಮುಗಿಯುತ್ತದೆ ಎಂದು ಇಷ್ಟು ದಿನ ನೋಡಿದ ಕಣ್ಣೇ ನೋಡಬೇಕು. ಪರೀಕ್ಷಕರು ಕೇಳಿದರೆ ಉತ್ತರ ಕೊಡುವವಳು ಪದ್ಮಜಾ. ಐದನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಹೋದರೆ ದಶಮಿಯವರೆಗೆ ಹೊರಗೆ ಬರುವಂತಿಲ್ಲ. ಒಳಗೆ ಹೋಗದಿರಲು ಹೇಳುವ ಕಾರಣ ಇಲ್ಲ.

ಐದನೆಯ ದಿನ ಬೆಳಿಗ್ಗೆ ಆಕೆ ಟವೆಲ್ ಹಿಡಿದು ಬಚ್ಚಲಿನ ಕಡೆ ಹೊರಟಾಗ ಕೃಷ್ಣಾಬಾಯಿ ಖೋಲಿಯ ಎದುರಿನ ಕಟ್ಟೆಯ ಮೇಲೆ ಕೂತಿದ್ದರು. ಇನ್ನೂ ಸ್ನಾನವಾಗಿರಲಿಲ್ಲ.

"ನೀರು ಹಾಕ್ಕೋಳ್ಳಿಕ್ಕೆ ಹೊಂಟಿ?"

"ಹೂಂ."

"ನಿನ್ನ ಬೂಷ್ಟು ತಟ್ಟಿ ತುಂಬೇದೇನು?"

ಪದ್ಮಜಾ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡಳು. "ಇಲ್ಲ."

"ಇನ್ನೆಷ್ಟು ಬೇಕು ಅದಕ್ಕ?"

"ಮೂರು ನಾಲ್ಕು ದಿನ."

"ಗಂಜಿ ಯಾರ ಮನೀದು?"

"ನಮ್ಮ ಲ್ಯಾಬಿನ ರಾಜಶ್ರೀದು. ಅವರವ್ವ ಬಸದು ಕೊಟ್ಟಾರ. ಸ್ಟೀಲಿನ ಪಾತ್ರಿ."

ಕೃಷ್ಣಾಬಾಯಿ ಮೊಣಕಾಲು ತಿಕ್ಕಿಕೊಂಡರು.

"ತಾಮ್ರದ್ದು ಬ್ಯಾಡಾತಲ್ಲ ಅದಕ್ಕ," ಎಂದರು. "ಅವತ್ತ ತಪ್ಪೇಲಿ ನೋಡಿದಾಗ ನಿನ್ನ ಮಾರಿ ನಾ ನೋಡೀನಿ. ಹೇಳಬೇಕಿತ್ತು. ನಾ ಏನು ಗಾಜಿನಾಕಿ ಅಲ್ಲ."

"ನೀವು ಚಲೋದಕ್ಕಂತ ಮಾಡಿದ್ರಿ."

"ಚಲೋದಕ್ಕಂತ ಮಾಡಿದ್ದಕ್ಕ ಏನಾತು ಈಗ, ಬೂಷ್ಟು ಸತ್ತಿತು." ಅವರು ಕಟ್ಟೆಯ ಅಂಚು ಹಿಡಿದು ಎದ್ದರು. "ಟವೆಲ್ ಒಳಗ ಇಡು. ನೀರು ಹಾಕ್ಕೋಬ್ಯಾಡ. ಕೂಡು ಇನ್ನೂ."

"ಅತ್ಯಾ, ಆದ್ರ..."

"ನಾ ಐವತ್ತೆಂಟು ತುಂಬೋ ತನಕ ಕೂತೀನಿ," ಎಂದರು ಕೃಷ್ಣಾಬಾಯಿ. "ನಿಮ್ಮ ಮಾವನವರು ಒಂದಿನಾ ಕೇಳಲಿಲ್ಲ. ಗಂಡಸರಿಗೆ ಅದರ ಲೆಕ್ಕ ಎಲ್ಲಿ ಗೊತ್ತಿರ್ತದ."

ಪದ್ಮಜಾ ಟವೆಲ್ ಹಿಡಿದು ನಿಂತೇ ಇದ್ದಳು. ಅತ್ತೆ ಐವತ್ತೆಂಟಾಗಿದ್ದಾಗ ತಾನು ಈ ಮನೆಗೆ ಬಂದು ಏಳು ವರ್ಷ. ಅವರು ಇದೇ ಖೋಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದದ್ದು, ತಾನು ಒಬ್ಬಳೇ ಆ ದಿನಗಳಲ್ಲಿ ಒಲೆಯ ಮುಂದೆ ಬೆಂದದ್ದು ನೆನಪಾಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದಕ್ಕೂ ತ್ರಾಣ ಬೇಕು.

"ಸುಶೀಂದ್ರಾ," ಎಂದು ಕೃಷ್ಣಾಬಾಯಿ ಒಳಗೆ ಹೋಗುತ್ತಾ ಕೂಗಿದರು. "ಸ್ನಾನ ಮಾಡಿ ಮಡಿ ಉಟ್ಕೊಂಡು ಬಾ. ಕಾಯಿ ಹೆರೀಬೇಕು."

"ನಾನ? ಇವತ್ತ ಐದನೇ ದಿನ ಅಲ್ಲೇನು, ಪದ್ಮಾ..."

"ಈ ವಯಸ್ಸಿನ್ಯಾಗ ನಾಲ್ಕಕ್ಕ ನಿಲ್ಲೂದಿಲ್ಲ. ಅದರ ಮ್ಯಾಲೆ ವಾದ ಮಾಡ್ತೀಯೇನು? ಬಾ."

ಸುಶೀಂದ್ರ ವಾದ ಮಾಡಲಿಲ್ಲ. ಆ ವಿಷಯದಲ್ಲಿ ಅವನಿಗೆ ಕಾನೂನು ತಿಳಿದಿರಲಿಲ್ಲ.

ದುರ್ಗಾಷ್ಟಮಿಯ ಮುಂಜಾನೆ ಗಂಜಿಯ ತಟ್ಟೆಗಳು ತುಂಬಿದ್ದವು. ಅಂಚಿನಿಂದ ಅಂಚಿಗೆ ಬೂದುಬಿಳಿ ಹತ್ತಿ, ನಡುವೆ ಕಿತ್ತಳೆ ಬಣ್ಣದ ಸಣ್ಣ ಚುಕ್ಕೆಗಳು. ಆಲೂಗಡ್ಡೆಯ ತಟ್ಟೆಗಳ ಪಕ್ಕದಲ್ಲಿಟ್ಟರೆ ಗುರುತು ಹತ್ತುವಂತಿರಲಿಲ್ಲ. ತಾಮ್ರದಲ್ಲಿಟ್ಟ ಗಂಜಿಯ ತಟ್ಟೆಗಳಲ್ಲಿ ಮಾತ್ರ ನಾಟಿದ ತುಣುಕು ಹಾಗೇ ಮುದುಡಿ ಕುಳಿತಿತ್ತು. ಫೋಟೋ ಕಳಿಸಿದಾಗ ಶ್ರೀಪಾದ ಸರ್ ಚಲೋ ಆತು, ಬರೀರಿ ಎಂದರು. ತಾಮ್ರದ ಸಂಗತಿ ಕೇಳಿ ನಕ್ಕರು. "ಅದೇನು ಹೊಸಾದಲ್ಲ ಬಿಡ್ರಿ, ಎಲ್ಲಾರಿಗೂ ಗೊತ್ತದ. ಅದನ್ನ ಹಾಕಬ್ಯಾಡ್ರಿ."

ಆಕೆ ಫೋನ್ ಇಟ್ಟು, ಕೋಷ್ಟಕ ತೆಗೆದು, ಗಂಜಿಯ ಮುಂದಿನ ಸೊನ್ನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಳು: ಅನ್ನ ಬಸಿಯುವವರ ದುಡಿಮೆ ಸೇರಿಸಿಲ್ಲ. ಸರ್ ಹೊಡೆದುಹಾಕಬಹುದು. ಹಾಕಲಿ.

"ತುಂಬೇತೇನ್ರಿ?" ಎಂದಳು ರಾಜಶ್ರೀ, ಕೀಲಿ ಹಿಡಿದುಕೊಂಡು.

"ತುಂಬೇದ. ನಿಮ್ಮವ್ವಗ ಹೇಳು, ಇನ್ನ ಕುಕ್ಕರ್ ಇಡಲಿ."

ಮರಳುವಾಗ ಡಬ್ಬಿ ಖಾಲಿ ಇತ್ತು. ಬಂಕಾಪುರದ ತನಕ ನಿದ್ದೆ ಹೋದಳು. ಅಲ್ಲಿ ಕಂಡಕ್ಟರ್ ಎಬ್ಬಿಸಿದ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಅಡುಗೆ ಮನೆಗೆ ಹೋದಳು. ಹೆರಮಣೆ ಅಲ್ಲೇ ನೆಲದ ನಡುವೆ ಇತ್ತು, ಹಲ್ಲಿಗೆ ಅಂಟಿದ ಕಾಯಿತುರಿ ಒಣಗಿತ್ತು. ಚಿಪ್ಪುಗಳು ಒಂದೊಂದು ದಿಕ್ಕಿಗೆ. ಸುಶೀಂದ್ರ ಕಾಯಿ ಹೆರೆದಿದ್ದ. ಹೆರೆದದ್ದಷ್ಟೇ ಅವನ ಕೆಲಸ ಎಂದುಕೊಂಡಿದ್ದ. ಕೃಷ್ಣಾಬಾಯಿ ದೇವರ ಮನೆಯ ಹೊರಗೆ ಬರಿ ನೆಲದ ಮೇಲೆ ಅಡ್ಡಾಗಿದ್ದರು, ಕೈ ಹಣೆಯ ಮೇಲಿತ್ತು.

"ತುಂಬಿತೇನು?" ಎಂದರು, ಕಣ್ಣು ತೆರೆಯದೆ.

"ತುಂಬಿತು."

"ಹಂಗಾರ ಒಂದೀಟು ಚಹಾ ಮಾಡು."

ಹಾಲಿಲ್ಲದ ಚಹಾ. ಪದ್ಮಜಾ ಚಿಪ್ಪುಗಳನ್ನು ಬಳಿದು ಮೂಲೆಗೆ ಹಾಕಿ, ಹೆರಮಣೆ ತೊಳೆದಿಟ್ಟು, ಎರಡು ಲೋಟದ ನೀರು ಒಲೆಗಿಟ್ಟಳು. ಆಮೇಲೆ ಪಡಸಾಲೆಯಿಂದ ಕೆಮ್ಮು ಕೇಳಿ ಇನ್ನೊಂದು ಲೋಟ ನೀರು ಸೇರಿಸಿದಳು.